ಮಾಸ್ತರರ ಪೌಂಡ್ ಗುರುತುಗಳು

ನಮ್ಮ ಕಡೆ ಹಳ್ಳಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಕರೆಂಟಿನ ಮೇಲೆ ನಡೆಯುವ ಏನನ್ನಾದರೂ ರಿಪೇರಿ ಮಾಡಬಲ್ಲವನು. ಹಬ್ಬಕ್ಕೆ ಊರಿಗೆ ಹೋದರೆ ಮೊದಲ ದಿನ ಪಕ್ಕದ ಮನೆಯ ಟಿವಿ ರಿಮೋಟು, ಎರಡನೇ ದಿನ ಕಾಕಾನ ಅಂಗಡಿಯ ಪ್ರಿಂಟರು. ಕಳೆದ ದೀಪಾವಳಿಗೆ ಹೋದಾಗ ಮೂರನೇ ದಿನ ಬನಹಟ್ಟಿಯಿಂದ ಫೋನ್ ಬಂತು. ನನಗೆ ಐದು, ಆರನೇ ಇಯತ್ತೆಯಲ್ಲಿ ಗಣಿತ ಕಲಿಸಿದ ಮಾಸ್ತರರು. ಈಗ ಎಂಬತ್ತರ ಹತ್ತಿರ ಇದ್ದಾರೆ, ದನಿ ಮಾತ್ರ ಇನ್ನೂ ಮಗ್ಗಿ ಕೇಳುವ ದನಿಯೇ.

"ತಮ್ಮಾ, ನನ್ನ ಹನ್ನೆರಡ ವರ್ಷದ ಬರವಣಿಗಿ ಎಲ್ಲಾ ಪೌಂಡ್ ಆಗೇತಿ. ಇಂಗ್ಲೆಂಡಿನ ಪೌಂಡ್. ಒಂದೀಟು ಬಂದು ನೋಡಿ ಹೋಗಪಾ."

ಹೋದೆ. ರಬಕವಿ-ಬನಹಟ್ಟಿಗೆ ಹೋದವರಿಗೆ ಗೊತ್ತು, ಅಲ್ಲಿ ಓಣಿಗೆ ಕಾಲಿಟ್ಟರೆ ಮೊದಲು ಸಿಗುವುದು ಪವರ್‌ಲೂಮಿನ ಸದ್ದು. ಮಾಸ್ತರರು ಹುಟ್ಟಿದ್ದು ಗುಳೇದಗುಡ್ಡದ ಕ್ರೈಸ್ತ ನೇಕಾರರ ಮನೆಯಲ್ಲಿ. ನೌಕರಿಗೆ ನಮ್ಮ ಹಳ್ಳಿಗೆ ಬಂದರು, ರಿಟೈರ್ ಆದ ಮೇಲೆ ಮಗನ ಜೊತೆ ಬನಹಟ್ಟಿಯಲ್ಲಿ ನೆಲೆಯಾದರು. ಅಂಗಳದ ಪಕ್ಕದ ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ದಪ್ಪ ಕಿಟ್ಟೆಲ್ ಕೋಶ, ಅದರ ಪಕ್ಕ ಹೊಸ ಲ್ಯಾಪ್‌ಟಾಪು. ಮೊಮ್ಮಗ ಬೈಬಲ್ ಅಧ್ಯಯನದ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟು ಪುಣೆಗೆ ವಾಪಸ್ ಹೋಗಿದ್ದ.

ತೊಂದರೆ ಎರಡಿತ್ತು. ಒಂದು, ಸಾಫ್ಟ್‌ವೇರಿನಲ್ಲಿ ಸತ್ಯವೇದ ತೆರೆದರೆ ಅಕ್ಷರ ಇರುವೆಯಷ್ಟು ಸಣ್ಣವು, ಮೇಲಾಗಿ ಒತ್ತಕ್ಷರಗಳ ಕಾಲು ಕತ್ತರಿಸಿದ ಹಾಗೆ ಕಾಣುತ್ತಿದ್ದವು. ಎರಡು, ಮಾಸ್ತರರು 2004ರಿಂದ 2016ರವರೆಗೆ ಹಳೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಗಳನ್ನು ಮೊಮ್ಮಗ ಈ ಸಾಫ್ಟ್‌ವೇರಿನ ನೋಟ್ಸ್ ಕಿಟಕಿಗೆ ತಂದು ಹಾಕಿದ್ದ. ಅಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಆಮೇಲೆ ಪೌಂಡ್ ಗುರುತು, ಮತ್ತೆ ಗೀಟಿನ ಎ. ಪುಟದ ತುಂಬ ಇದೇ. ಸರ್ಕಾರಿ ಆಫೀಸಿನ ಹಳೇ ಫೈಲನ್ನು ಹೊಸ ಫೋನಿನಲ್ಲಿ ತೆರೆದಿದ್ದರೆ ನೀವೂ ಇದನ್ನು ನೋಡಿರುತ್ತೀರಿ.

ಏನು ಟಿಪ್ಪಣಿ ಅಂತ ಕೇಳಿದೆ. ಬೈಬಲಿನ ಒಂದೊಂದೇ ಕನ್ನಡ ಶಬ್ದ ಹಿಡಿದು, ಕಿಟ್ಟೆಲ್ ಅದಕ್ಕೆ ಏನು ಹೇಳುತ್ತಾರೆ, ನಮ್ಮ ಕಡೆ ಅದನ್ನು ಏನಂತಾರೆ ಅಂತ ಬರೆದದ್ದು. ಯೋಬನ ಪುಸ್ತಕದ ಏಳನೇ ಅಧ್ಯಾಯದಲ್ಲಿ ಮನುಷ್ಯನ ದಿನಗಳನ್ನು ನೇಕಾರನ ಲಾಳಿಗೆ ಹೋಲಿಸಿದ ಮಾತು ಬರುತ್ತದೆ. ಅಲ್ಲಿ ಮಾಸ್ತರರು ತಮ್ಮ ಅಪ್ಪನ ಕೈಮಗ್ಗದ ಬಗ್ಗೆ ನಾಲ್ಕು ಪುಟ ಬರೆದಿದ್ದರಂತೆ. "ಅದನ್ನ ಮತ್ತ ಬರೀಲಿಕ್ಕೆ ಈಗ ನನಗ ಆಗೂದಿಲ್ಲ. ಬರದದ್ದು ನೆನಪೂ ಇಲ್ಲ" ಅಂದರು. ಲಾಳಿಯ ಪುಟ ಸಹ ಪೌಂಡ್ ಆಗಿತ್ತು.

ಟೈಪ್ ಮಾಡಿದ ಹಳೇ ಸಾಫ್ಟ್‌ವೇರ್ ಯಾವುದು, ಹೊಸದು ಯಾವುದು ಅಂತ ಹೆಸರು ಹೇಳುವುದಿಲ್ಲ. ಅವರ ತಪ್ಪು ಅಂತ ಹೇಳುವಷ್ಟು ಸರಳವಾಗಿಲ್ಲ ಈ ಕಥೆ. ಮೊಮ್ಮಗ ಮಾಡಿದ್ದು ಇಷ್ಟೇ: ಫಾಂಟ್ ಬದಲಾಯಿಸಿದ. ನಾವು ದಿನಕ್ಕೆ ಹತ್ತು ಸಲ ಯೋಚಿಸದೆ ಮಾಡುವ ಕೆಲಸ. ಆದರೆ ಅಕ್ಷರದ ರೂಪ ಬದಲಿಸಿದರೂ ಮಾತು ಹಾಗೇ ಉಳಿಯುವುದು ಕನ್ನಡದ ಮಟ್ಟಿಗೆ ಬಹಳ ಹೊಸ ಸೌಕರ್ಯ.

ಕನ್ನಡ ಬೈಬಲಿನಿಂದಲೇ ಶುರು ಮಾಡೋಣ, ಯಾಕೆಂದರೆ ಕನ್ನಡದ ಅಚ್ಚಿನ ಅಕ್ಷರದ ಕಥೆಯೂ ಹೆಚ್ಚುಕಡಿಮೆ ಅಲ್ಲಿಂದಲೇ ಶುರುವಾಗುತ್ತದೆ. ಬಂಗಾಳದ ಸಿರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಜೊತೆಯವರು ಭಾರತದ ಹತ್ತಾರು ಭಾಷೆಗಳಿಗೆ ಅಚ್ಚುಮೊಳೆ ಮಾಡಿಸುತ್ತಿದ್ದರು. 1812ರ ಮಾರ್ಚ್‌ನಲ್ಲಿ ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಕಾಗದ, ಹಸ್ತಪ್ರತಿ, ಸೀಸದ ಮೊಳೆ ಎಲ್ಲ ಹೋಯಿತು. ಮತ್ತೆ ಎರಕ ಹೊಯ್ದರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲೇ ಅಚ್ಚಾಯಿತು. ಕನ್ನಡದ ಅಕ್ಷರ ಮೊದಮೊದಲು ಸೀಸಕ್ಕೆ ಇಳಿದದ್ದು ಕನ್ನಡ ನಾಡಿನಿಂದ ಸಾವಿರಾರು ಕಿಲೋಮೀಟರ್ ದೂರ, ಹೂಗ್ಲಿ ನದಿಯ ದಂಡೆಯಲ್ಲಿ. ಇತ್ತ ಬಳ್ಳಾರಿಯಲ್ಲಿ 1810ರಿಂದ ಇದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಅನುವಾದಕ್ಕೆ ಕೂತಿದ್ದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಇಪ್ಪತ್ತು ವರ್ಷದ ಪ್ರಾಜೆಕ್ಟು. ನಮ್ಮ ಕಂಪನಿಗಳಲ್ಲಾದರೆ ಅಷ್ಟರಲ್ಲಿ ನಾಲ್ಕು ಮ್ಯಾನೇಜರ್ ಬದಲಾಗಿ ಪ್ರಾಜೆಕ್ಟೇ ಮುಚ್ಚಿರುತ್ತಿತ್ತು.

ಮಂಗಳೂರಿನ ಬಾಸೆಲ್ ಮಿಷನ್ ಬೇರೆ ದಾರಿ ಹಿಡಿಯಿತು. 1841ರಲ್ಲಿ ಅವರು ತೆರೆದದ್ದು ಕಲ್ಲಚ್ಚಿನ ಮುದ್ರಣಾಲಯ. ಕಲ್ಲಚ್ಚಿಗೆ ಮೊಳೆಯೇ ಬೇಡ. ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದದ್ದನ್ನು ಕಲ್ಲಿಗೆ ಇಳಿಸಿ, ಕಲ್ಲಿನಿಂದ ಕಾಗದಕ್ಕೆ ಒತ್ತುವುದು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಹೀಗೆ. ಬರೆದವನ ಕೈಬರಹವೇ ಅಲ್ಲಿ ಫಾಂಟು. ಅಕ್ಷರ ದೊಡ್ಡದು ಬೇಕಂದರೆ ಅವನೇ ಕೂತು ಮತ್ತೆ ಬರೆಯಬೇಕು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಗತೊಡಗಿತು.

ಸೀಸದ ಮೊಳೆ ಬಂದಾಗಲೂ ಓದುಗನ ಕೈಗೇನೂ ಬರಲಿಲ್ಲ. ಇಂಗ್ಲಿಷಿನ ಮೊಳೆ ಜೋಡಿಸುವವನಿಗೆ ಇಪ್ಪತ್ತಾರು ಅಕ್ಷರ ಎರಡು ಜೊತೆ ಸಾಕು, ಜೊತೆಗೆ ಅಂಕಿ, ಚಿಹ್ನೆ. ಕನ್ನಡಕ್ಕೆ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿ ನೂರಾರು ಮನೆಗಳ ಪೆಟ್ಟಿಗೆ ಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಎರಡು ಒತ್ತು ಬಂದರೆ ಇನ್ನೂ ಕೆಳಗೆ. ಆ ಜಾಗವನ್ನು ಸಾಲಿನ ಮಧ್ಯೆ ಮೊದಲೇ ಬಿಟ್ಟುಕೊಂಡಿರಬೇಕು. ದೊಡ್ಡ ಅಕ್ಷರದ ಪ್ರತಿ ಬೇಕಂದರೆ ಬೇರೆ ಅಳತೆಯ ಮೊಳೆಗಳ ಇಡೀ ಜೊತೆಯನ್ನೇ ಎರಕ ಹೊಯ್ಯಿಸಬೇಕು, ಪುಸ್ತಕ ಮೊದಲಿನಿಂದ ಜೋಡಿಸಬೇಕು. ಇಷ್ಟೆಲ್ಲ ಖರ್ಚಿನ ಬಾಬತ್ತು, ಹಾಗಾಗಿ ಯಾರ ಬಳಿ ಮೊಳೆ ಇತ್ತೋ ಅವರ ಪುಸ್ತಕ ಬಂತು. ನಮ್ಮ ಪಕ್ಕದ ವಿಜಾಪುರದಲ್ಲಿ ವಕೀಲ ಫ.ಗು. ಹಳಕಟ್ಟಿಯವರು ಬಸವಾದಿ ಶರಣರ ವಚನಗಳನ್ನು ಅಚ್ಚು ಮಾಡಲಿಕ್ಕೆ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. (ಕ್ರೈಸ್ತರು ಬೈಬಲಿನ ಸಾಲಿಗೂ 'ವಚನ' ಎನ್ನುತ್ತಾರೆ. ಲಿಂಗಾಯತರ ಮನೆಯ ಹುಡುಗನಾದ ನನಗೆ ಮಾಸ್ತರರು "ಈ ವಚನ ತೆಗಿ" ಅಂದಾಗ ಮೊದಲ ಸಲ ಅಲ್ಲಮ ನೆನಪಾಗಿದ್ದ.)

ಇನ್ನು ನಮ್ಮ ಊರುಗಳ ಕಥೆಯೇ ಬೇರೆ. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಬೆಟಗೇರಿಗೆ 1841ರಲ್ಲಿ, ಗುಳೇದಗುಡ್ಡಕ್ಕೆ 1851ರಲ್ಲಿ ಬಂತು. ಕೊನೆಯ ಎರಡೂ ನೇಕಾರರ ಊರು, ಮಾಸ್ತರರ ಮುತ್ತಜ್ಜನ ಮನೆಗೆ ಕನ್ನಡ ಬೈಬಲ್ ಬಂದದ್ದು ಆ ದಾರಿಯಲ್ಲಿ. ಆದರೆ ಅಲ್ಲಿಂದ ಘಟಪ್ರಭೆ ದಾಟಿ ಈಚೆ ಬಂದರೆ ಆಡಳಿತದ ಕಾಗದದಲ್ಲಿ ಕನ್ನಡವೇ ಅಪರೂಪ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಮುಂಬಯಿ ಪ್ರಾಂತದ ಕೈಯಲ್ಲಿ. ಸಂಸ್ಥಾನಗಳ ದಫ್ತರ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಮನೆಯಲ್ಲಿ ಆಡುವ ಮಾತು ಕನ್ನಡ, ಹೊಲದ ಕಾಗದ ಮೋಡಿ. ನಮ್ಮ ಮನೆಯ ಜಂತಿಯಲ್ಲಿ ಈಗಲೂ ಒಂದು ಬಟ್ಟೆಯ ಗಂಟಿದೆ, ಅದರೊಳಗಿನ ಕಾಗದ ಓದಬಲ್ಲವರು ಊರಲ್ಲಿ ಯಾರೂ ಉಳಿದಿಲ್ಲ. ಅಜ್ಜ ಅದನ್ನು "ನಮ್ಮ ಹೊಲದ್ದು" ಅನ್ನುತ್ತಿದ್ದ, ಅವನಿಗೂ ಓದಲು ಬರುತ್ತಿರಲಿಲ್ಲ. ಬರಹ ಕಣ್ಣೆದುರಿಗೇ ಇದ್ದು ಓದಲು ಬಾರದೆ ಹೋಗುವುದು ನಮಗೆ ಕಂಪ್ಯೂಟರಿನಿಂದ ಬಂದ ಹೊಸ ಕಷ್ಟವಲ್ಲ. ಬ್ರಿಟಿಷ್ ಭಾಗದಲ್ಲೂ ಶಾಲೆಗಳಲ್ಲಿ ಮರಾಠಿಯದೇ ಜೋರು. 1860ರ ದಶಕದಲ್ಲಿ ಡೆಪ್ಯುಟಿ ಚೆನ್ನಬಸಪ್ಪನಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. ಸಂಸ್ಥಾನಗಳು 1948ರಲ್ಲಿ ಮುಂಬಯಿಯಲ್ಲಿ ವಿಲೀನವಾಗಿ, 1956ರಲ್ಲಿ ನಾವು ಕನ್ನಡದ ರಾಜ್ಯಕ್ಕೆ ಸೇರಿದೆವು.

ಈಗ ಕಂಪ್ಯೂಟರಿಗೆ ಬರೋಣ. ಶುರುವಿನ ದಿನಗಳಲ್ಲಿ ಕಂಪ್ಯೂಟರಿನ ಒಂದು ಫಾಂಟಿಗೆ 256 ಮನೆಗಳಷ್ಟೇ. ಅದರಲ್ಲಿ ಅರ್ಧ ಇಂಗ್ಲಿಷಿಗೆ, ಉಳಿದರ್ಧ ಯೂರೋಪಿನ ಗೀಟು-ಚುಕ್ಕಿ ಅಕ್ಷರಗಳಿಗೆ. ಕನ್ನಡಕ್ಕೆ ಮನೆಯೇ ಇಲ್ಲ. ಆಗ ನಮ್ಮವರು ಮಾಡಿದ ಉಪಾಯ ಜಾಣತನದ್ದು: ಇಂಗ್ಲಿಷಿನ ಪಿ ಇರುವ ಮನೆಯಲ್ಲಿ ತಲಕಟ್ಟು ಇಲ್ಲದ 'ಕ'ದ ಒಡಲು ಇಟ್ಟರು, ಗೀಟಿನ ಎ ಇರುವಲ್ಲಿ ಬರೀ ತಲಕಟ್ಟು. ಎರಡನ್ನೂ ಒತ್ತಿದರೆ ಪರದೆಯ ಮೇಲೆ 'ಕ'. ಪೌಂಡ್ ಗುರುತಿನ ಮನೆಯಲ್ಲಿ 'ನ'ದ ಒಡಲು. ಸೀಸದ ಮೊಳೆ ಜೋಡಿಸಿದ ಹಾಗೆಯೇ ತುಂಡು ತುಂಡು ಜೋಡಿಸಿ ಕನ್ನಡ. ಕಂಪ್ಯೂಟರ್ ಮಾತ್ರ ಕೊನೆಯವರೆಗೂ ಅದನ್ನು ಇಂಗ್ಲಿಷ್ ಅಂತಲೇ ತಿಳಿದಿತ್ತು. ಫಾಂಟ್ ಎಂಬ ಮುಖವಾಡ ಇರುವವರೆಗೆ ಕನ್ನಡ, ಕಳಚಿದರೆ ಪೌಂಡು.

ಇದನ್ನು ಈಗ ಹಳಿಯುವುದು ಸುಲಭ. ಆದರೆ ಮುಂಬಯಿಯ ಮೊನೊಟೈಪಿನಲ್ಲಿ ಅಚ್ಚಿನ ಕೆಲಸ ಮಾಡಿದ್ದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟಿದ್ದು, 1998ರಲ್ಲಿ ಶೇಷಾದ್ರಿವಾಸು 'ಬರಹ' ಬಿಡುಗಡೆ ಮಾಡಿದ್ದು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದದ್ದು, ಇವೆಲ್ಲ ಇಲ್ಲದಿದ್ದರೆ ಒಂದಿಡೀ ತಲೆಮಾರು ಕನ್ನಡದಲ್ಲಿ ಟೈಪ್ ಮಾಡುತ್ತಲೇ ಇರಲಿಲ್ಲ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೀಲಿಮಣೆಯಲ್ಲೇ ಈ ಲೇಖನ ಕುಟ್ಟುತ್ತಿದ್ದೇನೆ.

ಮತ್ತೆ ಇದು ಕನ್ನಡದವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಬೈಬಲ್ ಸಾಫ್ಟ್‌ವೇರಿನ ಲೋಕಕ್ಕೂ ಇದೇ ರೋಗ ಬಡಿದಿತ್ತು. 1992ರಲ್ಲಿ ಲೋಗೋಸ್, 2000ದಲ್ಲಿ ಇ-ಸ್ವೋರ್ಡ್, ನಡುವೆ ಸ್ವಯಂಸೇವಕರೇ ಕಟ್ಟಿದ ಮುಕ್ತ ತಂತ್ರಾಂಶ ಸ್ವೋರ್ಡ್ ಪ್ರಾಜೆಕ್ಟ್, ಹೀಗೆ ಒಂದೊಂದಾಗಿ ಬಂದವು. ಬೈಬಲಿನ ಮೂಲ ಹೀಬ್ರೂ ಮತ್ತು ಗ್ರೀಕ್. ವಿದ್ವಾಂಸರು ಆಗ ಗ್ರೀಕಿಗೆ ಎಸ್‌ಪಿ ಅಯಾನಿಕ್, ಹೀಬ್ರೂಗೆ ಎಸ್‌ಪಿ ಟೈಬೀರಿಯನ್ ಎಂಬ ಫಾಂಟು ಬಳಸುತ್ತಿದ್ದರು. ಒಳಗೆ ಇಂಗ್ಲಿಷ್ ಅಕ್ಷರ, ಹೊರಗೆ ಗ್ರೀಕ್ ಮುಖವಾಡ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರೊಫೆಸರರ ಪ್ರಬಂಧ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಪಂಡಿತನೂ ಬನಹಟ್ಟಿಯ ಮಾಸ್ತರರೂ ಒಂದೇ ಹಳ್ಳಕ್ಕೆ ಬಿದ್ದವರು.

ಇದಕ್ಕೆ ಮದ್ದು ಬಂದದ್ದು ಯುನಿಕೋಡಿನಿಂದ. ಅಕ್ಷರಕ್ಕೆ ಒಂದು ಅಂಕಿ. ರೂಪ ಫಾಂಟಿನ ಪಾಲು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಓಣಿ ಸಿಕ್ಕಿತು, ನಮ್ಮದೇ ಇಸ್ಕಿ ಪದ್ಧತಿಯ ಕ್ರಮದಲ್ಲಿ. ನಾನು ಇದನ್ನು ಮಾಸ್ತರರಿಗೆ ಹೇಳುತ್ತಿದ್ದಾಗ ಅವರು ತಡೆದು, "ಅಂದ್ರ ಹಾಸು ಹೊಕ್ಕು ಬ್ಯಾರೆ, ಡಿಸೈನ್ ಕಾರ್ಡು ಬ್ಯಾರೆ. ನಮ್ಮ ಜಕಾರ್ಡ್ ಇದ್ಧಾಂಗ" ಅಂದರು. ಇಷ್ಟು ಚೊಕ್ಕಾಗಿ ನಾನು ಯಾವ ಮೀಟಿಂಗಿನಲ್ಲೂ ಹೇಳಿಲ್ಲ.

ಆದರೆ ಕಾಗದದ ಮೇಲೆ ಮನೆ ಕೊಟ್ಟರೆ ಆಯಿತೇ? ಕಂಪ್ಯೂಟರಿಗೆ ಒತ್ತು ಕೂರಿಸಲು ಕಲಿಸಬೇಕು. ತುಂಗಾ ಎಂಬ ಕನ್ನಡ ಫಾಂಟ್ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ಬಂತು, 2001ರಲ್ಲಿ. ಬಂದರೂ ಕನ್ನಡ ಸರಿಯಾಗಿ ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಭಾಷೆಯ ಸೆಟಿಂಗಿನಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸೀಡಿ ಕೇಳುತ್ತಿತ್ತು. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕನ್ನಡ ಓದಬೇಕೆಂಬ ಆಸೆ ಇದ್ದವರು ಹತ್ತು ಜನ, ಒರಿಜಿನಲ್ ಸೀಡಿ ಇದ್ದವರು ಯಾರೂ ಇಲ್ಲ. ಉಳಿದ ಕಥೆ ನೀವೇ ಊಹಿಸಿ. ಮಾಸ್ತರರಂಥವರು 2004ರಲ್ಲಿ ಮುಖವಾಡದ ಫಾಂಟಿನಲ್ಲೇ ಟೈಪ್ ಮಾಡಿದ್ದರಲ್ಲಿ ಆಶ್ಚರ್ಯವೇನಿದೆ? ಆಗ ಕೆಲಸ ನಡೆಯುತ್ತಿದ್ದದ್ದು ಅದರಿಂದಲೇ.

ಇರಲಿ, ಮೊದಲು ಕಣ್ಣಿಗೆ ಕಾಣುವ ತೊಂದರೆ ಹಿಡಿದೆ. ಸಾಫ್ಟ್‌ವೇರಿನ ಸೆಟಿಂಗಿನಲ್ಲಿ ಭಾಷೆಗೊಂದು ಫಾಂಟ್ ಇಡುವ ಅವಕಾಶ ಇತ್ತು. ಇಂಥ ಸಾಫ್ಟ್‌ವೇರುಗಳಲ್ಲಿ ಇದು ಬಹಳ ಹಳೆಯ ಸೌಲಭ್ಯ, ಹೀಬ್ರೂ ಗ್ರೀಕಿನ ದೆಸೆಯಿಂದ ಬಂದದ್ದು. ಇಂಗ್ಲಿಷಿಗೆ ಒಂದು, ಗ್ರೀಕಿಗೆ ಒಂದು, ಕನ್ನಡಕ್ಕೆ ಇನ್ನೊಂದು. ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡ ಹಾಕಿ ಅಳತೆ 24 ಮಾಡಿದೆ. ಅಕ್ಷರ ದೊಡ್ಡದಾಯಿತು, ಒತ್ತಿನ ಕಾಲು ಮಾತ್ರ ಕತ್ತರಿಸಿದಂತೆಯೇ ಇತ್ತು. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದಿದ್ದರು. 'ಶಾಸ್ತ್ರಿಗಳು' ಅಂತ ಬಂದರೆ 'ತ್ರ'ದ ಕೆಳಗಿನ ಅರ್ಧ ಮುಂದಿನ ಸಾಲಿನ ಹಿಂದೆ ಮಾಯ. ಬೈಬಲಿನಲ್ಲಿ ಶಾಸ್ತ್ರಿಗಳು ಅಂದರೆ ಧರ್ಮಗ್ರಂಥ ನಕಲು ಮಾಡಿ ವಿವರಿಸುವವರು. ಬರಹಗಾರರ ಹೆಸರಿಗೇ ಕತ್ತರಿ. ಸಾಲಿನ ಅಂತರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾಡಿದ ಮೇಲೆ ಕಾಲು ಬಂತು. ಪ್ರತಿ ವಚನ ಹೊಸ ಸಾಲಿಗೆ, ವಚನದ ಅಂಕಿ ಸಣ್ಣದಾಗಿ ಬೇರೆ ಬಣ್ಣದಲ್ಲಿ, ಹಿನ್ನೆಲೆ ಅಚ್ಚ ಬಿಳಿಯ ಬದಲು ಸ್ವಲ್ಪ ಹಳದಿ. ಮಾಸ್ತರರು ಕನ್ನಡಕ ತೆಗೆದು ನೋಡಿ, ಹಾಕಿಕೊಂಡು ನೋಡಿ, "ಇನ್ನೊಂದ ಚೂರು ದೊಡ್ಡದು" ಅಂದರು. 28ಕ್ಕೆ ನಿಂತಿತು.

ಆಮೇಲೆ ಹುಡುಕಾಟ. ಮಾಸ್ತರರು 'ಕಾರ್ಯ' ಅಂತ ಹುಡುಕಿದರೆ ಬೈಬಲಿನಲ್ಲಿ ರಾಶಿ ಬರುತ್ತದೆ, ತಮ್ಮ ಹೊಸ ಟಿಪ್ಪಣಿಯಲ್ಲಿ ಒಂದೂ ಇಲ್ಲ. ಅವರು ಹಳೇ ಪದ್ಧತಿಯವರು, 'ರ'ದ ಕೆಳಗೆ ಯ-ಒತ್ತು ಕೊಟ್ಟು 'ಕಾರ‍್ಯ' ಎಂದು ಬರೆಯುತ್ತಾರೆ. ಯುನಿಕೋಡಿನಲ್ಲಿ ಹಾಗೆ ಬರೆಯಲು ಮಧ್ಯೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ನಮಗೆ ಎರಡೂ ಒಂದೇ ಶಬ್ದ, ಯಂತ್ರಕ್ಕೆ ಬೇರೆ ಬೇರೆ. 'ಯೋಹಾನ' ಸಹ ಹೀಗೆ ಕೈಕೊಡಬಹುದು: ಓಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಯೋಹಾನ ಇಡೀ ಬೈಬಲಿನಲ್ಲಿ ಸಿಗುವುದಿಲ್ಲ. ಇನ್ನು ಸ್ವೋರ್ಡ್ ಪ್ರಾಜೆಕ್ಟಿನ ಪಠ್ಯಗಳಿಗೆ ಜೊತೆಯಲ್ಲೊಂದು ಚಿಕ್ಕ ಸೆಟಿಂಗ್ ಫೈಲ್ ಇರುತ್ತದೆ. ಅದರಲ್ಲಿ 'ಎನ್‌ಕೋಡಿಂಗ್ ಯುಟಿಎಫ್-8' ಅಂತ ಬರೆಯದೆ ಬಿಟ್ಟರೆ ಪಠ್ಯ ಯೂರೋಪಿನ ಲ್ಯಾಟಿನ್ ಲಿಪಿಯದು ಅಂತಲೇ ಅರ್ಥ. ಸುಮ್ಮನಿದ್ದರೆ ಲ್ಯಾಟಿನ್, ಕನ್ನಡ ಬೇಕಂದರೆ ಬಾಯಿಬಿಟ್ಟು ಹೇಳಬೇಕು.

ಉಳಿದದ್ದು ಪೌಂಡು. ಹಳೇ ಫಾಂಟಿನ ಬರಹವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಈಗ ಬೇಕಾದಷ್ಟಿವೆ. ಇಂಥ ಪರಿವರ್ತಕ ಬರೀ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. ಹಳೇ ಫಾಂಟಿನಲ್ಲಿ 'ಕರ್ಮ'ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ 'ಮ'ದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದಂತೆ 'ಮ'ಕ್ಕಿಂತ ಮೊದಲು ಬರಬೇಕು. ಎತ್ತಿ ಹಿಂದಕ್ಕೆ ಇಡಬೇಕು. ಅಂದು ಸಂಜೆಯೇ ಹನ್ನೆರಡು ವರ್ಷದ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಮನೆಗೆ ಬಂದು ರಾತ್ರಿ ಕೂತು ಎಲ್ಲ ಬದಲಿಸಿದೆ. ಮರುದಿನ ಎದೆಯುಬ್ಬಿಸಿಕೊಂಡು ಹೋಗಿ ತೋರಿಸಿದೆ.

ಮಾಸ್ತರರು ಒಂದು ಪುಟ ಓದಿದರು. ಎರಡನೇ ಪುಟಕ್ಕೆ ನಿಲ್ಲಿಸಿದರು.

"ಕೆಳಗಿನ ಗೆರಿ ಎಲ್ಲಿ?"

ಯಾವ ಗೆರೆ ಅಂತ ಕೇಳಿದೆ. ಅವರು ಉತ್ತರ ಹೇಳದೆ ಕಿಟ್ಟೆಲ್ ಕೋಶ ತೆರೆದರು. 1894ರಲ್ಲಿ ಮಂಗಳೂರಿನಿಂದ ಬಂದ, 1,700ಕ್ಕೂ ಹೆಚ್ಚು ಪುಟದ, ಸುಮಾರು 70,000 ಶಬ್ದಗಳ ಕೋಶ. ಅದರಲ್ಲಿ ಕಿಟ್ಟೆಲ್ ಹಳಗನ್ನಡದ ಎರಡು ಅಕ್ಷರಗಳನ್ನು ಬಿಟ್ಟಿಲ್ಲ: ಱ ಮತ್ತು ೞ. ಆಡುಮಾತಿನಲ್ಲಿ ಅವು ಯಾವಾಗಲೋ ರ, ಳ ಆಗಿಹೋದವು. ಆದರೆ 'ಬಾಳ್' ಅಂದರೆ ಕತ್ತಿ, 'ಬಾೞ್' ಅಂದರೆ ಜೀವಿಸು. ಈಗ ನಾವು ಎರಡಕ್ಕೂ ಒಂದೇ ಅಕ್ಷರ ಬರೆಯುತ್ತೇವೆ. ಮಾಸ್ತರರ ಹಳೇ ಫಾಂಟಿನಲ್ಲಿ ಈ ಅಕ್ಷರಗಳು ಅವರಿಗೆ ಸಿಕ್ಕಿರಲಿಲ್ಲ. ಹಾಗಾಗಿ 'ೞ' ಬರೆಯಬೇಕಾದಲ್ಲಿ 'ಳ' ಟೈಪ್ ಮಾಡಿ ಕೆಳಗೆ ಗೆರೆ ಎಳೆದಿದ್ದರು, 'ಱ'ಕ್ಕೂ ಹಾಗೇ. ಹನ್ನೆರಡು ವರ್ಷ. ನಾನು ಬಳಸಿದ ಪರಿವರ್ತಕ ಬರೀ ಪಠ್ಯ ತೆಗೆದುಕೊಂಡು ಗೆರೆಗಳನ್ನೆಲ್ಲ ಒಗೆದುಬಿಟ್ಟಿತ್ತು. ಮೊಮ್ಮಗನ ಮೇಲೆ ನಕ್ಕವನು ಈಗ ಅವನ ಪಕ್ಕದಲ್ಲೇ ನಿಂತೆ. ಪುಣ್ಯಕ್ಕೆ ಮೂಲ ಫೈಲಿಗೆ ಕೈ ಹಚ್ಚಿರಲಿಲ್ಲ.

ಯುನಿಕೋಡಿನಲ್ಲಿ 'ೞ' ಇದೆ. 0ಸಿಡಿಇ ಅದರ ಮನೆ ನಂಬರು. ಆದರೆ ಹೆಸರಿನ ಫಲಕ ನೋಡಿದರೆ ನಗು ಬರುತ್ತದೆ: 'ಕನ್ನಡ ಲೆಟರ್ ಫ'. ಇಂಗ್ಲಿಷಿನ ಎಫ್ ಇರುವ ಫ. ಯಾರೋ ಎಲ್ಲೋ ತಪ್ಪು ತಿಳಿದು ಇಟ್ಟ ಹೆಸರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಅಂತ ಯುನಿಕೋಡಿನ ನಿಯಮ ಇರುವುದರಿಂದ, ಇದು ತಪ್ಪು ಹೆಸರು ಅಂತ ಪಕ್ಕದಲ್ಲೊಂದು ಷರಾ ಬರೆದು ಹಾಗೇ ಬಿಟ್ಟಿದ್ದಾರೆ. ಮುಧೋಳ ಅಂದರೆ ಬೆಂಗಳೂರಿನವರಿಗೆ ನಾಯಿ ನೆನಪಾಗುತ್ತದೆ, ಆದರೆ ಅದು ರನ್ನನ ಊರು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ, ತೈಲಪನ ಆಸ್ಥಾನ ಸೇರಿ ಕವಿಚಕ್ರವರ್ತಿಯಾದ ರನ್ನ 'ಬಾೞ್' ಎಂದೇ ಬರೆಯುತ್ತಿದ್ದ ಕಾಲದವನು. ಗದೆ, ಕತ್ತಿಗಳ ಯುದ್ಧ ಬರೆದ ಕವಿಗೆ ಬಾಳ್ ಬೇರೆ, ಬಾೞ್ ಬೇರೆ. ಅವನ ಅಕ್ಷರ ಈಗ ನಿಮ್ಮ ನನ್ನ ಫೋನಿನಲ್ಲಿ ಎಫ್ ಅಂತ ಹೆಸರು ಹೊತ್ತು ಕೂತಿದೆ. ಮಾಸ್ತರರಿಗೆ ಇದನ್ನು ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. "ಇರವಲ್ದ್ಯಾಕ, ಸಾಲ್ಯಾಗ ನಿನ್ನ ಹೆಸರೂ ಹಾಜರಿಯೊಳಗ ತಪ್ಪ ಬರದಿದ್ರು. ನೀ ಏನ್ ಬ್ಯಾರೆದಾಂವ ಆದೇನು?" ಅಂದರು.

ಎರಡನೇ ಸಲ ಗೆರೆ ಉಳಿಯುವಂತೆ ಸ್ವಂತ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎರಡು ಶನಿವಾರ ಅದಕ್ಕೇ ಹೋಯಿತು. ಗೆರೆ ಇರುವ 'ಳ' ಎಲ್ಲ 'ೞ' ಮಾಡಿಬಿಡಬಹುದಿತ್ತು, ಆದರೆ ಮಾಸ್ತರರು ಬೇಡ ಅಂದರು. ಕೆಲವು ಕಡೆ ಶಬ್ದ ಮುಖ್ಯ ಅಂತಲೂ ಗೆರೆ ಎಳೆದಿದ್ದಾರೆ, ಯಾವುದು ಯಾವ ಗೆರೆ ಅಂತ ಬರೆದವರಿಗಷ್ಟೇ ಗೊತ್ತು. ಹಾಗಾಗಿ ಅನುಮಾನದ ಜಾಗಗಳನ್ನೆಲ್ಲ ಒಂದು ಪಟ್ಟಿ ಮಾಡಿ ಕಳಿಸಿದೆ. 340 ಇದ್ದವು. ಸಾಫ್ಟ್‌ವೇರಿನಲ್ಲಿ ಒಂದೊಂದೇ ತೆರೆದು, ಕಿಟ್ಟೆಲ್ ನೋಡಿ, 'ೞ' ಬೇಕಾದಲ್ಲಿ ಹಾಕುತ್ತಾ ಹೋಗುತ್ತಿದ್ದಾರೆ. ಕೀಲಿಮಣೆಯಲ್ಲಿ ಅದು ಎಲ್ಲಿದೆ ಅಂತ ನೆನಪಿರುವುದಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದ್ದೇನೆ.

ಲಾಳಿಯ ನಾಲ್ಕು ಪುಟ ಪೂರ್ತಿ ಬಂದಿದೆ. ಹೋದ ವಾರ ಫೋನ್ ಮಾಡಿದ್ದರು. ಹಿಂದೆ ಪವರ್‌ಲೂಮಿನ ಸದ್ದು, ಜೋರಾಗಿ ಮಾತಾಡುತ್ತಿದ್ದರು.

"ಎರಡನೂರಾ ಹನ್ನೊಂದ ಆದೂವಪಾ. ಮತ್ತ ಆ ಅಕ್ಷರ ಇನ್ನೊಂದ ಸ್ವಲ್ಪ ದೊಡ್ಡದು ಮಾಡೂದು ಹ್ಯಾಂಗ, ಹೇಳ. ಇಪ್ಪತ್ತೆಂಟು ಈಗ ಸಾಲವಲ್ದು."